ಅತ್ತೆಯ ಕೊಳಕು ಅನ್ನ

ನಮ್ಮ ಅತ್ತೆಗೆ ಮೂಗಿಲ್ಲ. ಕನ್ನಡಕ ಜಾರದಂತೆ ಹಿಡಿದುಕೊಳ್ಳಲು ಮುಖದ ನಡುವೆ ಒಂದು ಆಧಾರವಿದೆ, ನೆಗಡಿಯಾದಾಗ ಅದು ಸೋರುವುದೂ ಉಂಟು. ಆದರೆ ಮೂಗು ಎನ್ನಿಸಿಕೊಳ್ಳಲು ಮಾಡಬೇಕಾದ ಮುಖ್ಯ ಕೆಲಸವನ್ನು ಅದು ಕೋವಿಡ್ ಬಂದು ಹೋದ ವಾರದಿಂದ ನಿಲ್ಲಿಸಿಬಿಟ್ಟಿದೆ. ಮಲ್ಲಿಗೆಯೂ ಒಂದೇ, ಫಿನಾಯಿಲೂ ಒಂದೇ. ಸಂತರಿಗೆ ಎಷ್ಟೋ ವರ್ಷಗಳ ತಪಸ್ಸಿನ ನಂತರ ಸಿಗುವ ಸಮಭಾವ ನಮ್ಮ ಅತ್ತೆಗೆ ಹತ್ತು ದಿನದ ಜ್ವರದಲ್ಲೇ ಸಿಕ್ಕಿತು!

ಮೂಗು ಹೋದವರು ಸಾಮಾನ್ಯವಾಗಿ ಅಡುಗೆಮನೆಯಿಂದ ದೂರವಾಗುತ್ತಾರೆ. ಬ್ರೆಡ್ಡು, ಮೊಸರು, ಬಾಳೆಹಣ್ಣು ಎಂದು ಹೇಗೋ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಮೂಗು ಹೋದ ಮೇಲೆ ಅಡುಗೆಗೆ ಇಳಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಹದಿನೈದು ದಿನಕ್ಕೊಂದು ಶನಿವಾರ ಮ್ಯಾಂಚೆಸ್ಟರ್‌ನಿಂದ ರೈಲು ಹತ್ತಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಅವರ ಅಡುಗೆ ತಿಂದಿದ್ದೇನೆ. ಒಂದೂವರೆ ವರ್ಷ. ಒಂದೇ ಅಡುಗೆ.

ಈ ಅತ್ತೆ ನಮ್ಮಪ್ಪನ ಅಕ್ಕ. ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಪ್ಪತ್ತೆರಡನೆಯ ವಯಸ್ಸಿಗೆ ಬರ್ಮಿಂಗ್‌ಹ್ಯಾಮ್‌ಗೆ ಬಂದು, ವಾರ್ಡ್ ಸಿಸ್ಟರ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆ ಅತ್ತೆ ಎಂದರೆ, "ಡ್ಯೂಟಿ ರೋಟಾದಲ್ಲಿ ಜಾಗ ಇರಲಿಲ್ಲ" ಎನ್ನುತ್ತಾರೆ. ಎಜ್‌ಬಾಸ್ಟನ್ ಹತ್ತಿರದ ಒಂದು ಎರಡಂತಸ್ತಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಮ್ಯಾಂಚೆಸ್ಟರಿನ ಫಾಲೋಫೀಲ್ಡ್‌ನಲ್ಲಿ ವಿದ್ಯಾರ್ಥಿಗಳ ಗಲಾಟೆಯ ನಡುವೆ ಬಾಡಿಗೆಗಿದ್ದು, ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರಿಗೆ ಮನವರಿಕೆ ಮಾಡಿಕೊಡುವುದು ನನ್ನ ವೃತ್ತಿ. ಯಾರನ್ನೂ ಸುಲಭವಾಗಿ ನಂಬುವವನಲ್ಲ. ಅದರಲ್ಲೂ ನನ್ನ ನೆನಪನ್ನು ನಂಬುವುದೇ ಇಲ್ಲ. ಬಾಗಿಲಿಗೆ ಬೀಗ ಹಾಕಿದ ನೆನಪು ಸ್ಪಷ್ಟವಾಗಿದ್ದಷ್ಟೂ ಹಿಂದಿರುಗಿ ಹೋಗಿ ನೋಡುವ ಜಾತಿ ನನ್ನದು.

ಇನ್ನು ಆ ಅಡುಗೆ. ಅದರ ಹೆಸರು ಕೇಳಿದರೆ ನೀವು ಊಟಕ್ಕೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಡರ್ಟಿ ರೈಸ್. ಅತ್ತೆ ಅದನ್ನು ಕೊಳಕು ಅನ್ನ ಎನ್ನುತ್ತಾರೆ. ಅಮೆರಿಕದ ಲೂಸಿಯಾನಾ ಕಡೆಯ ಕೇಜನ್ ಜನರ ಮನೆ ಊಟ. ದನದ ಮಾಂಸದ ಖೀಮಾವನ್ನು ದಪ್ಪ ತಳದ ಪಾತ್ರೆಯಲ್ಲಿ ಕಂದುಬಣ್ಣ ಬಂದು ತಳ ಹಿಡಿಯುವ ತನಕ ಹುರಿಯಬೇಕು. ಆಮೇಲೆ ಸಣ್ಣಗೆ ಹೆಚ್ಚಿದ ಕೋಳಿ ಲಿವರ್, ಈರುಳ್ಳಿ, ಸೆಲರಿ ದಂಟು, ದೊಣ್ಣೆಮೆಣಸಿನಕಾಯಿ, ಒಣಮೆಣಸಿನ ಪುಡಿ. ತಳಕ್ಕೆ ಅಂಟಿದ್ದನ್ನು ನೀರು ಹಾಕಿ ಕೆರೆದು, ಅಕ್ಕಿಯನ್ನು ಅದರಲ್ಲೇ ಬೇಯಿಸಿದರೆ ಬಿಳಿ ಅನ್ನ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಕೊಳಕು. ನಮ್ಮದು ಮೈಸೂರಿನ ಕ್ರೈಸ್ತರ ಮನೆ, ಖೀಮಾ ನಮಗೆ ಹೊಸದಲ್ಲ. ಒಗ್ಗದವರು ಈ ಪ್ಯಾರಾ ದಾಟಿಕೊಂಡು ಹೋಗಬಹುದು. ಮುಂದಿರುವುದು ಮಾಂಸಕ್ಕಿಂತ ಹೆದರಿಕೆಯ ವಿಷಯ.

ಕೇಜನ್ ಜನ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಮೂರನ್ನೂ ಸೇರಿಸಿ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಹೆಸರಿನಿಂದ ಕರೆಯುತ್ತಾರಂತೆ. "ಇದರಲ್ಲಿ ಪವಿತ್ರಾತ್ಮ ಯಾವುದು ಅತ್ತೆ?" ಎಂದು ಕೇಳಿದ್ದೆ. ಅತ್ತೆ ಸೆಲರಿಯತ್ತ ಚಾಕು ತೋರಿಸಿ, "ಇದು. ಇದ್ದರೆ ಗೊತ್ತಾಗಲ್ಲ, ಇಲ್ಲದಿದ್ದರೆ ಗೊತ್ತಾಗತ್ತೆ" ಎಂದಿದ್ದರು.

ಮೂಗು ಹೋದ ಮೇಲೆ ಅತ್ತೆ ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿಯವರು ನಾಲ್ಕು ಪುಟ್ಟ ಬಾಟಲಿ ಕೊಟ್ಟು, ದಿನಕ್ಕೆರಡು ಸಲ ಮೂಸಿ ಅಭ್ಯಾಸ ಮಾಡಿ, ಮೂಗು ಹಿಂದಿರುಗಿದರೂ ಹಿಂದಿರುಗೀತು ಎಂದಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಅತ್ತೆ ಅವನ್ನು ಕಿಟಕಿಯ ಮೇಲಿಟ್ಟು ನನಗೆ ಫೋನ್ ಮಾಡಿದರು.

"ಇದೆಲ್ಲ ಹೆಣ ತೊಳೆಯೋ ಸಾಮಾನು ಕಣೋ. ಐವತ್ತು ವರ್ಷ ಇದನ್ನೇ ಮೂಸಿದೀನಿ. ನನಗೆ ಬದುಕಿರೋ ವಾಸನೆ ಬೇಕು."

ಬದುಕಿರುವ ವಾಸನೆ ಎಂದರೆ ಅವರ ಲೆಕ್ಕದಲ್ಲಿ ಕೊಳಕು ಅನ್ನ. ಇಲ್ಲಿಗೆ ಬಂದ ಮೊದಲ ಚಳಿಗಾಲ, ನರ್ಸುಗಳ ಹಾಸ್ಟೆಲಿನಲ್ಲಿ ಕಂಬಳಿಯೊಳಗೆ ಅಳುತ್ತ ಮಲಗಿದ್ದ ಇಪ್ಪತ್ತೆರಡರ ಹುಡುಗಿಗೆ ಬಾಗಿಲ ಕೆಳಗಿನ ಸಂದಿಯಿಂದ ಆ ವಾಸನೆ ಬಂತಂತೆ. ಪಕ್ಕದ ಕೋಣೆಯ ಲೂಸಿಯಾನಾದ ನರ್ಸ್ ಒಬ್ಬಳು ಒಲೆಯ ಮೇಲೆ ಏನೋ ಹುರಿಯುತ್ತಿದ್ದಳು. ಅತ್ತೆ ಎದ್ದು ಹೋಗಿ ಬಾಗಿಲು ತಟ್ಟಿದರು. ಆಕೆ ಆಸ್ಪತ್ರೆಯ ಜ್ವರದ ಚಾರ್ಟಿನ ಹಿಂಬದಿಯಲ್ಲಿ ಅಡುಗೆ ಬರೆದುಕೊಟ್ಟು, ಎರಡು ವರ್ಷದ ನಂತರ ಊರಿಗೆ ಹೊರಟುಹೋದಳು. ಚಾರ್ಟ್ ಇನ್ನೂ ಇದೆ. ಒಂದು ಬದಿಯಲ್ಲಿ ಯಾವನೋ ರೋಗಿಯ ಜ್ವರ ಏರಿ ಏರಿ ಥಟ್ಟನೆ ನಿಂತಿದೆ. ಇನ್ನೊಂದು ಬದಿಯಲ್ಲಿ ಕೊಳಕು ಅನ್ನ.

"ಅವತ್ತು ನನ್ನನ್ನೇ ಎಬ್ಬಿಸಿದ ವಾಸನೆ. ಮೂಗನ್ನ ಎಬ್ಬಿಸಲ್ವಾ?" ಅತ್ತೆಯ ವಾದ ಇಷ್ಟೇ. ಆ ಅನ್ನವನ್ನು ಹಿಂದೆ ಇದ್ದ ಹಾಗೇ ಮಾಡಬೇಕು. ಪಾತ್ರೆಯ ಮುಚ್ಚಳ ತೆಗೆದಾಗ ಒಂದು ದಿನ ಮೂಗು ಎದ್ದು ಕೂರಬೇಕು.

ಆದರೆ ವಾಸನೆ ರುಚಿ ತಿಳಿಯದ ಕೈ ಹದ ಹಿಡಿಯುವುದು ಹೇಗೆ? ಅದಕ್ಕೆ ನಾನು. ಹದಿನಾಲ್ಕು ವರ್ಷದ ಹಿಂದೆ ಓದಲು ಬಂದ ಹೊಸದರಲ್ಲಿ, ಮೂಗಿದ್ದ ಅತ್ತೆಯ ಕೈಯ ಕೊಳಕು ಅನ್ನವನ್ನು ಮೂರು ಸಲ ತಿಂದಿದ್ದೆ. "ರುಚಿ ನೆನಪಿದೆಯಾ?" ಎಂದು ಕೇಳಿದಾಗ, "ಇದೆ ಅತ್ತೆ" ಎಂದೆ. ನಿಜ ಹೇಳುತ್ತೇನೆ, ಇರಲಿಲ್ಲ. ತಿಂದದ್ದು ನೆನಪಿತ್ತು, ಹೊರಗಿನ ಹಿಮ ನೆನಪಿತ್ತು. ರುಚಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಆದರೆ ಫೋನಿನ ಆ ತುದಿಯಲ್ಲಿ ಎಪ್ಪತ್ತೆರಡು ವರ್ಷದ ಹೆಂಗಸು ಉಸಿರು ಬಿಗಿಹಿಡಿದು ಕಾಯುತ್ತಿದ್ದರೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹೀಗೆ ನಾನು ಅತ್ತೆಯ ಮೂಗಾಗಿ ನೇಮಕಗೊಂಡೆ. ಸುಳ್ಳು ಅರ್ಹತೆ ತೋರಿಸಿ.

ಅತ್ತೆಯ ಮನೆಯ ಬಾಗಿಲು ತೆರೆದರೆ ಮೊದಲು ಕೇಳುವುದು ಕುಶಲವಲ್ಲ. "ಬಾ. ಏನಾದರೂ ಸತ್ತಿದೆಯಾ ನೋಡು."

ಇದು ಪ್ರತಿ ಸಲದ ಕ್ರಮ. ಕೋಟು ಬಿಚ್ಚುವ ಮೊದಲು ನಾನು ಮನೆಯಿಡೀ ಮೂಸಿಕೊಂಡು ಬರಬೇಕು. ಹಿಂದೊಮ್ಮೆ ಗ್ಯಾಸ್ ಬಿಟ್ಟುಕೊಂಡಿದ್ದು ಅವರಿಗೆ ತಿಳಿದಿರಲಿಲ್ಲ. ಇನ್ನೊಮ್ಮೆ ಹೂದಾನಿಯ ನೀರು ಕೊಳೆತು ಹದಿನೈದು ದಿನವಾಗಿತ್ತು. ಅದರ ಪಕ್ಕದಲ್ಲೇ ಕೂತು ಅವರು ಪದಬಂಧ ಬಿಡಿಸುತ್ತಿದ್ದರು. ಹಾಗಾಗಿ ಅಡುಗೆಮನೆ, ಹಾಲು, ಫ್ರಿಜ್, ಮೆಟ್ಟಿಲ ಕೆಳಗಿನ ಕಪಾಟು, ಮಹಡಿಯ ಎರಡು ಕೋಣೆ. ನಾಯಿಯಂತೆ ಮೂಗು ಮುಂದೆ ಮಾಡಿಕೊಂಡು ನಾನು ಮುಂದೆ, ಲಾಟೀನು ಹಿಡಿದವರಂತೆ ಅತ್ತೆ ಹಿಂದೆ. ಮೂರು ಗಂಟೆಗೇ ಕತ್ತಲಾಗತೊಡಗುವ ನವೆಂಬರಿನಲ್ಲಿ, ಮಾತಿಲ್ಲದ ಮನೆಯಲ್ಲಿ, ಸತ್ತದ್ದನ್ನು ಹುಡುಕುತ್ತ ಕೋಣೆಯಿಂದ ಕೋಣೆಗೆ ನಡೆದವರಿಗೇ ಅದರ ಸುಖ ಗೊತ್ತು.

"ಏನೂ ಇಲ್ಲ ಅತ್ತೆ."

"ಸರಿಯಾಗಿ ನೋಡಿದ್ಯಾ? ನಾನು ನೋಡು, ನಾನೇ ಸತ್ತಿದ್ದರೂ ನನಗೆ ಗೊತ್ತಾಗಲ್ಲ."

ಮೊದಲ ಆರು ತಿಂಗಳು ಏನೂ ಆಗಲಿಲ್ಲ. ಅತ್ತೆ ಮಾಡಿದರು, ನಾನು ತಿಂದು ತೀರ್ಪು ಕೊಟ್ಟೆ. ಖಾರ ಸ್ವಲ್ಪ ಮುಂದೆ. ಲಿವರ್ ಹಿಂದೆ. ಹಿಂದೆ ಮುಂದೆ ಎಂದೆಲ್ಲ ಬಸ್ ಕಂಡಕ್ಟರನಂತೆ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅತ್ತೆ ಎದುರಿಗೆ ಕೂತು ಒಣ ಟೋಸ್ಟ್ ಕಡಿಯುತ್ತಿದ್ದರು. ಅನ್ನ ಅವರಿಗೆ ಒದ್ದೆ ಕಾಗದದಂತೆ, ಟೋಸ್ಟಿನಲ್ಲಿ ಸದ್ದಾದರೂ ಇದೆಯಂತೆ. ಪಕ್ಕದಲ್ಲಿ ಒಂದು ಕ್ಲಿಪ್‌ಬೋರ್ಡು, ಪೆನ್ನು. ಏನದು ಎಂದರೆ, "ನನ್ನ ಬಿ.ಪಿ. ಬರ್ಕೋತೀನಿ" ಎನ್ನುತ್ತಿದ್ದರು.

ಆಮೇಲೆ ಒಂದು ಮಂಗಳವಾರ ಮಧ್ಯಾಹ್ನ ಎರಡು ಕ್ಲಾಸುಗಳ ನಡುವೆ ಅತ್ತೆಯ ಫೋನ್ ಬಂತು. ದನಿ ಬೇರೆಯಾಗಿತ್ತು.

"ವಾಸನೆ ಬಂತು ಕಣೋ."

"ಅತ್ತೆ! ಏನು ವಾಸನೆ? ಕೊಳಕು ಅನ್ನದ್ದಾ?"

"ಗೊತ್ತಾಗ್ತಿಲ್ಲ. ಕೆಳಗಡೆ ಯಾರೋ ಅಡುಗೆ ಮಾಡ್ತಿದ್ದಾರೆ. ಈರುಳ್ಳಿ ಸೀದ ಹಾಗೆ. ಅದರ ಜೊತೆ ಏನೋ ಹಸಿ ಸೊಪ್ಪು."

"ಯಾರು ಮಾಡ್ತಿದ್ದಾರೆ?"

"ಅದನ್ನೇ ನೋಡೋಕೆ ಇಳಿದು ಬಂದೆ. ಒಲೆ ತಣ್ಣಗಿದೆ. ಯಾರೂ ಇಲ್ಲ." ಮತ್ತೊಮ್ಮೆ ಮೂಸಿ, "ಆದರೂ ಬರ್ತಿದೆ" ಎಂದರು.

ನನಗೆ ಬೆನ್ನು ತಣ್ಣಗಾಯಿತು. ಆದರೆ ಓದಿದವನಲ್ಲವೇ? ಕೂಡಲೇ ಹುಡುಕಿ ನೋಡಿದೆ. ಇದು ಗೊತ್ತಿರುವ ಲಕ್ಷಣ. ಮೂಗಿನಿಂದ ಸುದ್ದಿ ಬರುವುದು ನಿಂತರೆ ಮಿದುಳು ತಾನೇ ಸುದ್ದಿ ಹುಟ್ಟಿಸುತ್ತದೆ. ಇಲ್ಲದ ವಾಸನೆ ಬರುತ್ತದೆ. ಸಂಜೆ ಫೋನ್ ಮಾಡಿ ಎಲ್ಲವನ್ನೂ ಸಾವಧಾನವಾಗಿ ವಿವರಿಸಿದೆ. ಅತ್ತೆ ಕೊನೆಯವರೆಗೆ ಕೇಳಿದರು.

"ಅಂದರೆ ನನ್ನ ತಲೆಯೊಳಗೇ ಯಾರೋ ಅಡುಗೆ ಮಾಡ್ತಿದ್ದಾರೆ ಅಂತಾಯ್ತು. ಯಾರು ಅಂತ ಬರೆದಿದೆಯಾ ಅಲ್ಲಿ?"

ಬರೆದಿರಲಿಲ್ಲ.

ಮುಂದಿನ ಶನಿವಾರ ತಟ್ಟೆಯಲ್ಲಿ ಹಸಿರು ಎಳೆಗಳಿದ್ದವು. ಒಂದು ತುತ್ತು ಬಾಯಿಗಿಟ್ಟೆ. ಸಬ್ಬಸಿಗೆ ಸೊಪ್ಪು.

ಇಲ್ಲಿ ಸ್ವಲ್ಪ ನಮ್ಮಮ್ಮನ ವಿಷಯ ಹೇಳಬೇಕು. ನಮ್ಮಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವಳ ಕೈಯ ಖೀಮಾ ಅನ್ನ ನಮ್ಮ ಬೀದಿಯಲ್ಲೇ ಹೆಸರಾದದ್ದು. ಖೀಮಾ, ಹಸಿಮೆಣಸಿನಕಾಯಿ, ಕಟ್ಟುಗಟ್ಟಲೆ ಸಬ್ಬಸಿಗೆ. ಚೆನ್ನಾಗಿದೆ ಎಂದರೆ ಅವಳು ನಂಬುತ್ತಿರಲಿಲ್ಲ. "ಎರಡನೇ ಸಲ ಹಾಕಿಸಿಕೊಂಡರೆ ನಂಬ್ತೀನಿ" ಎನ್ನುವವಳು. ಈ ನಮ್ಮಮ್ಮನಿಗೂ ನಮ್ಮ ಅತ್ತೆಗೂ ಮಾತಿರಲಿಲ್ಲ. ಕಾರಣ ನಾನು, ಅಥವಾ ನನ್ನ ದೀಕ್ಷಾಸ್ನಾನ. ರಜದ ಮೇಲೆ ಇಂಗ್ಲೆಂಡಿನಿಂದ ಬಂದಿದ್ದ ಅತ್ತೆ ಆ ದಿನದ ಊಟದಲ್ಲಿ ಅಮ್ಮನ ಖೀಮಾ ಅನ್ನ ನೋಡಿ, "ಮಾಂಸ ಇದೆ, ಅನ್ನ ಇದೆ, ಅಡುಗೆ ಎಲ್ಲಿ?" ಎಂದರಂತೆ. ಪಂಕ್ತಿಯೆಲ್ಲ ನಕ್ಕಿತಂತೆ. ಅಮ್ಮ ಸಾಯುವ ತನಕ ಅತ್ತೆಯೊಂದಿಗೆ ಮಾತಾಡಲಿಲ್ಲ.

ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಅತ್ತೆಯ ನೀಲಿ ಸೀರೆ ಸಹ. ಆಗ ನನಗೆ ಮೂರು ತಿಂಗಳು! ನನ್ನ ನೆನಪನ್ನು ನಾನು ಯಾಕೆ ನಂಬುವುದಿಲ್ಲ ಎಂದು ಈಗ ತಿಳಿಯಿತೇ?

ತಟ್ಟೆಯ ಸಬ್ಬಸಿಗೆ ನೋಡುತ್ತ ಕೇಳಿದೆ. "ಇದನ್ನ ಯಾಕೆ ಹಾಕಿದಿರಿ ಅತ್ತೆ? ಚಾರ್ಟಿನಲ್ಲಿ ಇಲ್ಲವಲ್ಲ."

"ಪೋಲಿಷ್ ಅಂಗಡಿಯಲ್ಲಿತ್ತು. ಕೈಗೆ ಬಂತು. ಹೇಗಿದೆ?"

"ಚೆನ್ನಾಗಿಲ್ಲ" ಎಂದೆ. ಎಂದವನು ಇನ್ನೊಂದು ತುತ್ತು ಎತ್ತಿದೆ. "ಬೇಡ ಇದು. ಹೊಂದಲ್ಲ."

"ಸರಿ" ಎಂದು ಅತ್ತೆ ಬಿ.ಪಿ. ಬರೆದುಕೊಂಡರು.

ಹದಿನೈದು ದಿನ ಬಿಟ್ಟು ಹೋದರೆ ಸಬ್ಬಸಿಗೆ ಎರಡರಷ್ಟಿತ್ತು. ಬೇಡ ಎಂದಿದ್ದೆನಲ್ಲ ಎಂದರೆ, "ಮರೆತೆ" ಎಂದರು. ಅದರ ಮುಂದಿನ ಸಲ ಪವಿತ್ರಾತ್ಮ ನಾಪತ್ತೆ, ಸೆಲರಿಯ ಚೂರೂ ಇಲ್ಲ. ನಾನು ಸುಮ್ಮನಿದ್ದೆ. ಆಮೇಲೆ ಒಣಮೆಣಸಿನ ಪುಡಿಯ ಜಾಗಕ್ಕೆ ಸೀಳಿದ ಹಸಿಮೆಣಸಿನಕಾಯಿ ಬಂದು ಕೂತಿತು. ಲಿವರ್ ಹೋಯಿತು. ಚಕ್ಕೆ ಬಂತು. ನಾನು "ಇದು ತಪ್ಪು" ಎಂದದ್ದು ಉಳಿದುಕೊಂಡಿತು, "ಇದು ಸರಿ" ಎಂದದ್ದು ಮಾಯವಾಯಿತು. ಅತ್ತೆ ನಮ್ಮಮ್ಮನ ಅಡುಗೆಮನೆಗೆ ಕಾಲಿಟ್ಟವರಲ್ಲ. ಮೂಗಿಲ್ಲ, ನಾಲಗೆಯಿಲ್ಲ. ಆದರೂ ಪಾತ್ರೆಯೊಳಗಿನ ಅನ್ನ ಒಂದೊಂದೇ ಹೆಜ್ಜೆ ಇಟ್ಟು ಲೂಸಿಯಾನಾದಿಂದ ಮೈಸೂರಿಗೆ ನಡೆದು ಬರುತ್ತಿತ್ತು. ಯಾರು ಕೈಹಿಡಿದು ಕರೆತರುತ್ತಿದ್ದರು?

ಮೆಲ್ಲಗೆ ಹಳೆಯ ಮಾತೆತ್ತಿದೆ. "ಅತ್ತೆ, ನಮ್ಮಮ್ಮನ ಖೀಮಾ ಅನ್ನ ನೀವು ತಿಂದಿದ್ದಿರಲ್ಲ?"

"ಇಲ್ಲಪ್ಪ. ಒಂದು ಅಗುಳೂ ತಿಂದಿಲ್ಲ."

"ನನ್ನ ದೀಕ್ಷಾಸ್ನಾನದ ದಿನ?"

"ತಿಂದಿಲ್ಲ ಅಂದೆನಲ್ಲ." ಟೋಸ್ಟ್ ಕಡಿದ ಸದ್ದು ಕೋಣೆಯಿಡೀ ಕೇಳಿತು.

ಅದೇ ದಿನ ಇನ್ನೊಂದು ಸಂಗತಿ ನಡೆಯಿತು. ಒಲೆಯ ಬಳಿ ನಿಂತಿದ್ದ ಅತ್ತೆ ಅನ್ನ ಕಲಸಿ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದರು. ಟಣ್, ಟಣ್. ಒಂದು ಕ್ಷಣ ಬಿಟ್ಟು ಇನ್ನೊಂದು, ಸಣ್ಣದು, ಟಿಣ್. ಎರಡು ದೊಡ್ಡದು, ಒಂದು ಸಣ್ಣದು. ನಮ್ಮಮ್ಮನ ಒಲೆಯ ಸದ್ದು ಹೀಗೇ ಇತ್ತು.

"ಅತ್ತೆ, ಮೂರು ಸಲ ಯಾಕೆ ತಟ್ಟಿದಿರಿ?"

ಅತ್ತೆ ತಿರುಗಿ ನನ್ನನ್ನು ನೋಡಿದರು. "ನಾನು ತಟ್ಟಿದ್ದು ಎರಡೇ."

ನಾನು ಚಮಚ ಕೆಳಗಿಟ್ಟು ಎದ್ದು ಫ್ರಿಜ್ಜಿನ ಹಿಂದೆ ಇಣುಕಿ ನೋಡಿದೆ.

ಊಟವಾದ ಮೇಲೆ ಮಹಡಿಗೆ ಹೋದೆ. ನಾನು ಉಳಿದುಕೊಂಡಾಗ ಮಲಗುವ ಕೋಣೆ, ಅಂದಿನ ತಪಾಸಣೆಯಲ್ಲಿ ಬಿಟ್ಟುಹೋದದ್ದು, ಬಾಗಿಲು ಮುಚ್ಚಿತ್ತು. ತೆರೆದರೆ ಹುರಿದ ಖೀಮಾ, ಸಬ್ಬಸಿಗೆ. ಕೆಳಗಿನ ವಾಸನೆ ಏರಿ ಬಂದದ್ದಲ್ಲ. ಹಳೆಯದು, ತಣ್ಣನೆಯದು, ಬಹಳ ಹೊತ್ತಿನಿಂದ ಕಾದಂಥದು. ಬಾಗಿಲ ಹಿಂದೆ ಯಾರೋ ನಿಂತಿದ್ದರು. ಆಮೇಲೆ ದೀಪ ಹಾಕಿದೆ. ಹದಿನೈದು ದಿನದ ಹಿಂದೆ ಬಾಗಿಲ ಕೊಕ್ಕೆಗೆ ಸಿಕ್ಕಿಸಿ ಬಿಟ್ಟುಹೋಗಿದ್ದ ನನ್ನದೇ ಸ್ವೆಟರು. ಅಡುಗೆಮನೆಯಲ್ಲಿ ಕೂತು ಕೂತು ಅದು ಪೂರ್ತಿ ಕೊಳಕು ಅನ್ನವಾಗಿತ್ತು. ದೆವ್ವಕ್ಕೂ ನನಗೂ ಒಂದೇ ಅಳತೆ.

ನಗಬೇಕಿತ್ತು, ನಗು ಬರಲಿಲ್ಲ. ಸ್ವೆಟರಿಗೆ ಕಾರಣ ಸಿಕ್ಕಿತು, ಮೂರನೆಯ ಸದ್ದಿಗೆ? ಮ್ಯಾಂಚೆಸ್ಟರ್‌ಗೆ ಹಿಂದಿರುಗಿ, ಮರುದಿನ ಮೈಸೂರಿನಲ್ಲಿರುವ ನಮ್ಮಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಅಮ್ಮ ಸೌಟನ್ನ ಮೂರು ಸಲ ತಟ್ಟುತ್ತಿದ್ದಳಲ್ವಾ?"

"ಇದನ್ನ ಕೇಳೋಕೆ ಫೋನ್ ಮಾಡಿದ್ಯಾ? ಅಲ್ಲಿ ಕೆಲಸ ಇದೆ ತಾನೆ ನಿನಗೆ?"

"ಹೇಳೆ."

"ಎರಡು ಸಲ. ಸೌಟಿಗೆ ಅಂಟಿದ್ದು ಉದುರಲಿ ಅಂತ ಎಲ್ಲರೂ ತಟ್ಟಲ್ವಾ? ಮೂರನೇದು ನೀನು."

"ನಾನಾ?"

"ತಟ್ಟೆ ಇಟ್ಟುಕೊಂಡು ಕಾಯ್ತಾ ಕೂತಿರ್ತಿದ್ದೆ. ಅಮ್ಮ ಸೌಟು ತಟ್ಟಿದ ಕೂಡಲೇ ನೀನು ಚಮಚ ತೊಗೊಂಡು ತಟ್ಟೆಗೆ ಟಿಣ್ ಅನ್ನಿಸ್ತಿದ್ದೆ. ಎರಡನೇ ಸಲ ಹಾಕಿಸಿಕೊಳ್ಳೋಕೂ ಅದೇ. ಭಿಕ್ಷುಕನ ಹಾಗೆ."

"ನನಗೆ ನೆನಪೇ ಇಲ್ಲ."

"ನಿನಗೆ ದೀಕ್ಷಾಸ್ನಾನ ನೆನಪಿರತ್ತೆ, ಇದು ಇರಲ್ಲ" ಎಂದು ಅಕ್ಕ ಫೋನಿಟ್ಟಳು.

ಇಷ್ಟಾದ ಮೇಲೆ ನನ್ನೊಳಗಿನ ಮೇಷ್ಟ್ರು ಎದ್ದ. ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಬಾರದು. ಮುಂದಿನ ಶನಿವಾರ ಕುರ್ಚಿಯನ್ನು ತಿರುಗಿಸಿ, ಅತ್ತೆಗೆ ಬೆನ್ನು ಹಾಕಿ, ಹಿತ್ತಲ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಏನು ತಿಂದರೂ "ಪರವಾಗಿಲ್ಲ" ಎಂಬ ಒಂದೇ ಮಾತು ಹೇಳುವುದು. ಆಗಲೂ ಅನ್ನ ಅಮ್ಮನ ಕಡೆಗೇ ನಡೆದರೆ, ನಡೆಸುವವರು ನಾನಲ್ಲ ಎಂದಾಯಿತು.

ಐದು ಗಂಟೆ. ಹೊರಗೆ ಪೂರ್ತಿ ಕತ್ತಲು. ಕಿಟಕಿಯ ಗಾಜು ಕನ್ನಡಿಯಾಗಿತ್ತು. ತುತ್ತು ಎತ್ತುತ್ತ ತಲೆ ಎತ್ತಿದವನಿಗೆ ಗಾಜಿನಲ್ಲಿ ನನ್ನ ಹೆಗಲ ಹಿಂದೆ ಅತ್ತೆಯ ಮುಖ ಕಂಡಿತು. ಟೋಸ್ಟ್ ಕಡಿಯುತ್ತಿರಲಿಲ್ಲ. ರೆಪ್ಪೆ ಬಡಿಯದೆ, ಪೆನ್ನು ಹಿಡಿದು, ಗಾಜಿನೊಳಗಿನ ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನ ಕೈಯಿಂದ ಚಮಚ ಬಿತ್ತು.

"ಈ ಕಡೆ ತಿರುಗಿ ತಿನ್ನು" ಎಂದರು ಅತ್ತೆ. "ಗಾಜಿನಲ್ಲಿ ಸರಿಯಾಗಿ ಕಾಣಲ್ಲ."

"ಏನು ಕಾಣಲ್ಲ?"

ನಾನು ಎದ್ದು ಹೋಗಿ ಕ್ಲಿಪ್‌ಬೋರ್ಡ್ ತೆಗೆದುಕೊಂಡೆ. ಅವರು ತಡೆಯಲಿಲ್ಲ.

ಅದು ಬಿ.ಪಿ. ಆಗಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಕಾಲ ಬಳಿ ತೂಗುಹಾಕುತ್ತಾರಲ್ಲ, ಅಂಥ ಚಾರ್ಟು. ಅತ್ತೆಯೇ ಗೆರೆ ಎಳೆದದ್ದು. ಮೇಲೆ ನನ್ನ ಹೆಸರು. ಒಂದೂವರೆ ವರ್ಷದ ಒಂದೊಂದು ಶನಿವಾರಕ್ಕೂ ಒಂದೊಂದು ಸಾಲು, ನರ್ಸಿನ ಗುಂಡು ಅಕ್ಷರ.

"ಸೆಲರಿ: ಚೆನ್ನಾಗಿದೆ ಎನ್ನುತ್ತಾನೆ. ಮುಖದಲ್ಲಿ ಏನಿಲ್ಲ. ಕಾಲು ಕುಣಿಸುತ್ತಾನೆ."

"ಸಬ್ಬಸಿಗೆ ಸ್ವಲ್ಪ: ಬೇಡ ಎನ್ನುತ್ತಾನೆ. ಕಾಲು ನಿಂತಿತು."

"ಸಬ್ಬಸಿಗೆ ಎರಡು ಕಟ್ಟು: ಬೇಡ ಎನ್ನುತ್ತಾನೆ. ಕಣ್ಣು ಒದ್ದೆ. ತಟ್ಟೆ ಬಳಿದು ತಿಂದ."

"ಹಸಿಮೆಣಸಿನಕಾಯಿ: ಹತ್ತು ನಿಮಿಷ ಮಾತಿಲ್ಲ. ನಾನು ಸೌಟು ತಟ್ಟಿದರೆ ಇವನು ತಟ್ಟೆಗೆ ಚಮಚ ತಟ್ಟುತ್ತಾನೆ. ತಟ್ಟಿದ್ದು ಇವನಿಗೆ ಗೊತ್ತಿಲ್ಲ. ಹೇಳಿಲ್ಲ."

ಓದುತ್ತ ಓದುತ್ತ ಕೂತುಬಿಟ್ಟೆ. ನಾನು ಇಷ್ಟು ದಿನ ಹುಡುಕಿದ ದೆವ್ವದ ಜ್ವರ, ನಾಡಿ, ಕಾಲು ಕುಣಿತ ಎಲ್ಲ ಅಲ್ಲಿತ್ತು.

"ಬಾಯಿ ಸುಳ್ಳು ಹೇಳತ್ತೆ ಅಂತ ಮೊದಲನೇ ದಿನವೇ ಗೊತ್ತಾಯ್ತು" ಎಂದರು ಅತ್ತೆ. "ಪೇಷೆಂಟುಗಳೆಲ್ಲ ಹೀಗೇ. ನೋವಿಲ್ಲ ಸಿಸ್ಟರ್ ಅಂತಾರೆ, ಬೆರಳು ನೋಡಿದರೆ ಬೆಡ್‌ಶೀಟ್ ಹಿಡ್ಕೊಂಡಿರತ್ತೆ. ನಿನ್ನ ಮಾತು ಕೇಳಿ ಅಡುಗೆ ಮಾಡಿಲ್ಲ ಕಣೋ. ಮುಖ ನೋಡಿ ಮಾಡಿದೆ."

"ನನಗೆ ಕೊಳಕು ಅನ್ನದ ರುಚಿ ನೆನಪಿಲ್ಲ ಅತ್ತೆ. ಮೊದಲಿಂದಲೂ ಇರಲಿಲ್ಲ."

"ಗೊತ್ತು."

"ಹಾಗಾದರೆ ನಿಮ್ಮ ಮೂಗು?"

"ಅದು ಬರಲ್ಲ. ಇನ್ನು ಆಸೆ ಇಟ್ಕೋಬೇಡಿ ಅಂತ ಕ್ಲಿನಿಕ್‌ನವರು ಮಾರ್ಚಲ್ಲೇ ಹೇಳಿದರು."

"ಮತ್ತೆ ಯಾಕೆ ಇಷ್ಟು ದಿನ?"

"ನಿನಗೆ ಬರ್ತಿತ್ತಲ್ಲ."

ಆದರೂ ಒಂದು ಗಂಟು ಉಳಿದಿತ್ತು. "ಮೊದಲ ಸಲ ಸಬ್ಬಸಿಗೆ ಯಾಕೆ ತಂದಿರಿ? ನಿಜ ಹೇಳಿ. ಕೈಗೆ ಬಂದದ್ದಲ್ಲ."

ಅತ್ತೆ ಕನ್ನಡಕ ತೆಗೆದರು. ಆ ಆಧಾರದ ಎರಡೂ ಬದಿ ಕೆಂಪು ಗುರುತು.

"ಆ ವಾಸನೆ, ಇಲ್ಲದ್ದು. ಮಂಗಳವಾರದ್ದು. ಈಗಲೂ ಬರತ್ತೆ, ಅದೊಂದೇ ಬರೋದು. ಯಾರ ಮನೇದು ಅಂತ ಗೊತ್ತಾಗದೆ ಒಂದೊಂದೇ ಸೊಪ್ಪು ಹಾಕಿ ನೋಡೋಣ ಅಂದ್ಕೊಂಡೆ, ಮೊದಲು ಸಿಕ್ಕಿದ್ದು ಇದು. ನೀನು ಸಬ್ಬಸಿಗೆ ಬಾಯಿಗಿಟ್ಟೆಯಲ್ಲ, ನಿನ್ನ ಮುಖದಲ್ಲಿ ನಿಮ್ಮಮ್ಮ ಕಂಡಳು. ಆಗ ಗೊತ್ತಾಯ್ತು." ಸೀರೆಯ ಸೆರಗಿಲ್ಲದ ಕಾರಣ ಕಾರ್ಡಿಗನ್ನಿನ ತೋಳಿನಲ್ಲಿ ಕನ್ನಡಕ ಒರೆಸಿದರು. "ಅವತ್ತು ನಾನು ತಿಂದಿರಲಿಲ್ಲ ಕಣೋ. ತಟ್ಟೆ ಮುಂದೆ ಬಂತು, ವಾಸನೆ ಬಂತು, ಇಂಗ್ಲೆಂಡಿಂದ ಬಂದ ಜಂಬದಲ್ಲಿ ಆ ಮಾತು ಅಂದೆ. ಎಲ್ಲರೂ ನಕ್ಕರು. ನಿಮ್ಮಮ್ಮ ಒಳಗೆ ಹೋದಳು. ಒಂದು ಅಗುಳು ತಿನ್ನದೆ ಅಂದೆ ಅದನ್ನ. ಎದ್ದು ಬಂದೆ."

"ಸೀರೆ ನೀಲಿಯಾ ಅತ್ತೆ?"

"ಹಸಿರು."

ನನ್ನ ನೆನಪಿನ ಯೋಗ್ಯತೆ ಅಷ್ಟೇ. ಅತ್ತೆ ಎದ್ದು ಇನ್ನೊಂದು ತಟ್ಟೆ ತಂದು ನನ್ನೆದುರು ಇಟ್ಟರು. ಟೋಸ್ಟಿನ ತಟ್ಟೆಯಲ್ಲ, ಊಟದ ತಟ್ಟೆ.

"ಬಡಿಸು."

"ನಿಮಗೆ ರುಚಿ ಗೊತ್ತಾಗಲ್ವಲ್ಲ ಅತ್ತೆ."

"ನೀನು ಹೇಳ್ತಾ ಹೋಗು. ಈ ಸಲ ಸುಳ್ಳು ಹೇಳಬೇಡ."

ಬಡಿಸಿದೆ. ಅತ್ತೆ ಒದ್ದೆ ಕಾಗದ ತಿಂದರು, ನಾನು ಹೇಳುತ್ತ ಹೋದೆ. ಮೊದಲು ಬರುವುದು ತಳ ಹಿಡಿದ ಈರುಳ್ಳಿ, ಸೀದಿಲ್ಲ, ಸೀಯುವ ಮುಂಚೆ ನಿಂತಿದೆ. ಆಮೇಲೆ ಖೀಮಾ. ಅದು ನುಂಗುವಾಗ ಹಸಿಮೆಣಸು ಹಿಂದಿನಿಂದ ಬಂದು ಕಿವಿ ಬಿಸಿ ಮಾಡುತ್ತದೆ. ಸಬ್ಬಸಿಗೆ ಕೊನೆಗೆ, ಉಸಿರು ಬಿಟ್ಟಾಗ. ಅಮ್ಮ ಸೊಪ್ಪು ಬಿಡಿಸಿದ ಮೇಲೆ ಅವಳ ಬೆರಳು ಎರಡು ದಿನ ಹಾಗೇ ಇರುತ್ತಿತ್ತು, ಸ್ಕೂಲಿಗೆ ತಲೆ ಬಾಚುವಾಗ ಮೂಗಿಗೆ ಬರುತ್ತಿತ್ತು. ಇದು ನಿಜವಾಗಿ ನೆನಪಿರುವುದೋ ಈಗ ಹುಟ್ಟಿಸಿದ್ದೋ ಗೊತ್ತಿಲ್ಲ. ನಿಲ್ಲಿಸಿ ಪರೀಕ್ಷಿಸಬೇಕು ಎಂದು ಅನ್ನಿಸಲೂ ಇಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ಒಂದು ಅಗುಳೂ ಬಿಡದೆ ತಿಂದರು.

ನಾನು ಎದ್ದು ಪಾತ್ರೆಯ ತಳ ಕೆರೆದು, ಸೌಟನ್ನು ಅಂಚಿಗೆ ಎರಡು ಸಲ ತಟ್ಟಿದೆ. ಟಣ್, ಟಣ್. ಮೂರನೆಯ ಸದ್ದು ಬಂತು. ಈ ಸಲ ನನ್ನದಲ್ಲ. ತಿರುಗಿ ನೋಡಿದರೆ ಅತ್ತೆ ಖಾಲಿ ತಟ್ಟೆಗೆ ಚಮಚ ತಟ್ಟಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆಗೆ ಚಾಚಿದ್ದರು.